ಎರಡನೇ ಪಂಕ್ತಿ

ಒಂದು ಜಗಳವಾದರೂ ಆಗಿದ್ದರೆ ಪ್ರಿಯಾಳಿಗೆ ಎಷ್ಟೋ ಅನುಕೂಲವಿತ್ತು. ಯಾರಾದರೂ ಬಾಯಿ ತಪ್ಪಿ ಒಂದು ಮಾತು ಅಂದಿದ್ದರೆ ಅದನ್ನೇ ಹಿಡಿದು, ದಿನಾಂಕ ಹಾಕಿ, ಸಹಿ ಮಾಡಿ ಮೇಲಕ್ಕೆ ಕಳಿಸಬಹುದಿತ್ತು. ನೆಲಗುಡ್ಡದ ಜನ ಅಂಥ ತಪ್ಪು ಮಾಡುವ ಪೈಕಿಯೇ ಅಲ್ಲ. ಎದುರು ಸಿಕ್ಕರೆ ಕೈ ಮುಗಿಯುತ್ತಾರೆ, ಮಾತಿಗೊಮ್ಮೆ ಮೇಡಂನೋರೆ ಅನ್ನುತ್ತಾರೆ, ಚಾ ಕುಡಿಯದೆ ಹೋಗಬ್ಯಾಡ್ರಿ ಅಂತ ದುಂಬಾಲು ಬೀಳುತ್ತಾರೆ. ಆ ಚಾ ಪೇಪರ್ ಕಪ್ಪಿನಲ್ಲಿ ಬರುತ್ತದೆ. ಈಗ ಎಲ್ಲರಿಗೂ ಪೇಪರ್ ಕಪ್ಪೇ ಕೊಡುತ್ತಾರಲ್ಲ, ಏನಂತ ಕೇಳುವುದು?

ಪ್ರಿಯಾ ಕೂಡ್ಲಿಗಿಯ ಹುಡುಗಿ. ಅಪ್ಪ ಭೀಮೇಶ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯ ನಡುಗೋಡೆಯ ಮೇಲೆ ಬುದ್ಧ. ಕೊಟ್ಟೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ದಿನಾ ಸ್ಕೂಟಿಯಲ್ಲಿ ನೆಲಗುಡ್ಡದ ಶಾಲೆಗೆ ಬಂದು ಹೋಗುವ ಟೀಚರು. ಅವಳು ಯಾವ ಪೈಕಿ ಎಂಬುದು ಊರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಗೊತ್ತಾಯಿತು ಅಂತ ಯಾರೂ ತೋರಿಸಿಕೊಳ್ಳಲಿಲ್ಲ.

ಆ ವರ್ಷ ತಾಲ್ಲೂಕು ಬರದ ಪಟ್ಟಿಗೆ ಸೇರಿದ್ದರಿಂದ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಶಾಲೆಯಲ್ಲೇ ಬಿಸಿಯೂಟ ಹಾಕಬೇಕೆಂದು ಆದೇಶ ಬಂತು. ಯಾರ ರಜೆ ಹಾಳು ಮಾಡುವುದು ಎಂಬ ಪ್ರಶ್ನೆ ಬಂದಾಗ ಮದುವೆಯಾಗದ ಟೀಚರು ಒಬ್ಬಳೇ ಕಣ್ಣಿಗೆ ಬಿದ್ದಳು. ಹೆಡ್‌ಮಾಸ್ತರು ಗುರುಬಸವರಾಜ ಊರಿನವರೇ, ಶಾಲೆಯ ಹಿಂದೆಯೇ ಅವರ ಮನೆ. ಕೆಟ್ಟ ಮನುಷ್ಯರೇನಲ್ಲ. ಪಟ್ಟಿ ಮಾಡುವುದೆಂದರೆ ಅವರಿಗೆ ಪ್ರಾಣ. ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ನೀಲಿ ಶಾಯಿಯಲ್ಲಿ ಹೆಸರು ತುಂಬಿ, ಮೊದಲ ದಿನವೇ ಪಟ್ಟಿಯನ್ನು ಅವಳ ಕೈಗಿಟ್ಟಿದ್ದರು.

ಪಟ್ಟಿ ಓಣಿವಾರು ಇತ್ತು. ಶಾಲೆಯ ಜಗಲಿಯಲ್ಲಿ ನೆರಳು ಇರುವಷ್ಟು ಉದ್ದಕ್ಕೆ ನಲವತ್ತು ಮಕ್ಕಳು ಕೂರಬಹುದು. ಬರುವವರು ಅರವತ್ತಾರು. ಹಾಗಾಗಿ ಎರಡು ಪಂಕ್ತಿ. ಶಾಲೆಗೆ ಸಮೀಪದ ಓಣಿಗಳ ಮಕ್ಕಳು ಮೊದಲು, ದೂರದವರು ಆಮೇಲೆ. ಕೇಳಿದರೆ ಯಾರಾದರೂ ಸರಿ ಅನ್ನುವಂಥ ಲೆಕ್ಕ. ಸಮೀಪದ ಓಣಿಗಳು ನಾಲ್ಕು, ಮಕ್ಕಳು ನಲವತ್ತು. ದೂರದ್ದು ಅಂತ ಇರುವುದು ಒಂದೇ, ಚಿಗಟೇರಿ ರಸ್ತೆಯ ಆಚೆ ಇರುವ ಅಂಬೇಡ್ಕರ್ ನಗರ. ಅಲ್ಲಿನ ಮಕ್ಕಳು ಇಪ್ಪತ್ತಾರು. ನಲವತ್ತು, ಇಪ್ಪತ್ತಾರು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತ್ತು.

ಮೊದಲ ಮೂರು ದಿನ ಪ್ರಿಯಾಳಿಗೂ ಹೊಳೆಯಲಿಲ್ಲ. ಅದನ್ನು ನೆನೆದರೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾಲ್ಕನೇ ದಿನ ಎರಡನೇ ಪಂಕ್ತಿಯಲ್ಲಿ ಕೂತಿದ್ದ ಗಾಳೆಮ್ಮ ಎಂಬ ನಾಲ್ಕನೇ ಕ್ಲಾಸಿನ ಹುಡುಗಿ, ಅಜ್ಜಿಯ ಹೆಸರು ಇಟ್ಟುಕೊಂಡು ಅಜ್ಜಿಯಷ್ಟೇ ಬಾಯಿ ಇದ್ದವಳು, ತಾಟನ್ನು ವಾರೆ ಮಾಡಿ ತೋರಿಸಿದಳು.

"ನೋಡ್ರಿ ಮೇಡಂ, ನಮ್ಮ ಪಾಳಿ ಬರೋದ್ರಾಗ ಸಾಂಬಾರು ಸೊರಗಿ ಹೋಗೈತಿ."

ತಾಟಿನ ತಳದ ಹೂವಿನ ಗೀಟು ಸಾಂಬಾರಿನೊಳಗಿಂದ ಚೆನ್ನಾಗಿಯೇ ಕಾಣುತ್ತಿತ್ತು. ಪ್ರಿಯಾ ಅಡುಗೆಯ ಕೆಂಚಕ್ಕನನ್ನು ಕೇಳಿದಳು. ಕೆಂಚಕ್ಕ ಮುಚ್ಚಿಡಲಿಲ್ಲ.

"ಮೊದ್ಲಿನ ಪಂಕ್ತ್ಯಾಗಿನ ಹುಡುಗ್ರು ಎರಡೆರಡು ಸಲ ಹಾಕಿಸ್ಕಂತಾವ್ರಿ. ತಳ ಕಂಡ ಮ್ಯಾಲೆ ಕಾಸಿದ ನೀರು ಹಾಕ್ತೀನಿ. ನಾನೇನು ಬ್ಯಾಳಿ ಹಡಿಲೇನ್ರಿ?"

ಆಗ ಪ್ರಿಯಾ ಪಟ್ಟಿ ತೆಗೆದು ಮೇಲಿನಿಂದ ಕೆಳಗಿನವರೆಗೆ ಓದಿದಳು. ಎರಡನೇ ಪಂಕ್ತಿಯ ಇಪ್ಪತ್ತಾರು ಹೆಸರು ಓದಿ ಮುಗಿಸಿ ಪಟ್ಟಿ ಮಡಚಿದಳು. ನೇರ ಹೆಡ್‌ಮಾಸ್ತರ ಮನೆಗೆ ಹೋದಳು.

"ಸರ್, ಹುಡುಗ್ರನ್ನ ತರಗತಿವಾರು ಕೂರಿಸೋಣ್ರಿ. ಜೂನಿನಿಂದ ಮಾರ್ಚಿನ ತನಕ ಹಂಗೇ ಕುಂತು ಉಣ್ಣಲಿಲ್ಲೇನ್ರಿ? ಹಾಜರಿ ನಂಬರ್ ಪ್ರಕಾರ ಎಲ್ಲಾ ಓಣಿಯೋರೂ ಸೇರೇ ಕುಂತಿದ್ರು. ಯಾರಿಗೇನಾತು?"

ಗುರುಬಸವರಾಜರು ಕನ್ನಡಕ ಒರೆಸಿಕೊಂಡರು. "ಅದು ಶಾಲಿ ರೀ ಮೇಡಂ. ಇದು ರಜಾ."

"ಅಂದ್ರ?"

"ಶಾಲಿ ಅಂದ್ರ ಸರ್ಕಾರದ ಟೈಮು. ಸರ್ಕಾರ ಹೆಂಗ ಕುಂದ್ರು ಅಂದ್ರ ಹಂಗ ಕುಂದರ್ತಾರ, ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ. ರಜಾ ಅಂದ್ರ ಮನಿ ಟೈಮು. ಹುಡುಗ್ರು ಓಣ್ಯಾಗ ಆಡಿಕೆಂತ ಹಂಗೇ ಎದ್ದು ಬರ್ತಾವ. ಜತಿಗೆ ಬಂದೋರು ಜತಿಗೆ ಕುಂದರ್ತಾರ. ಓಣಿ ಅಂದ್ರ ಜಾತಿ ಅಲ್ರೀ."

ಈ ಮಾತನ್ನು ಅವರು ತಣ್ಣಗೆ ಹೇಳಿ ಕನ್ನಡಕ ಹಾಕಿಕೊಂಡರು. ಎಂಥಾ ನಿಯಮ ನೋಡಿ. ಸಮಾನತೆಗೂ ಬೇಸಿಗೆ ರಜೆ. ಏಪ್ರಿಲ್ ಹತ್ತಕ್ಕೆ ಬೀಗ ಹಾಕಿದರೆ ಜೂನಿಗೆ ತೆಗೆಯುವುದು. ಊರಿಗೆ ಊರೇ ಇದನ್ನು ಒಪ್ಪಿಕೊಂಡು ಕೂತಿತ್ತು, ಒಂದು ಸಭೆ ಕೂಡ ಮಾಡದೆ.

ಅವಳು ಹಟ ಹಿಡಿದಳು. ಹೆಡ್‌ಮಾಸ್ತರು "ನಿಮ್ಮಿಷ್ಟ" ಎಂದರು. ಮಾರನೇ ದಿನ ತರಗತಿವಾರು ಹೊಸ ಪಟ್ಟಿ ಮಾಡಿ, ಒಂದರಿಂದ ನಾಲ್ಕು ಮೊದಲ ಪಂಕ್ತಿ, ಐದರಿಂದ ಎಂಟು ಎರಡನೆಯದು ಅಂತ ಕೂರಿಸಿದಳು. ಮಕ್ಕಳು ಕಿತಾಪತಿ ಮಾಡುತ್ತಾ, ಒಬ್ಬರ ತಾಟಿಗೆ ಒಬ್ಬರು ಇಣುಕುತ್ತಾ ಉಂಡು ಎದ್ದರು. ಪ್ರಿಯಾಳಿಗೆ ಅಂದು ಸ್ಕೂಟಿ ಓಡಿಸುವಾಗ ಹಾಡು ಗುನುಗುವಷ್ಟು ಖುಷಿ.

ಅದರ ಮರುದಿನ ಮೂವತ್ತೊಂದು ಮಕ್ಕಳು ಬಂದರು. ಇಪ್ಪತ್ತಾರು ಅಂಬೇಡ್ಕರ್ ನಗರದವರು, ಐದು ಮಿಕ್ಕವರು.

ಅವಳು ಮನೆಮನೆಗೆ ಹೋದಳು. ಒಂದು ಮನೆಯಲ್ಲಿ ಹುಡುಗನಿಗೆ ಜ್ವರ; ಜ್ವರದ ಹುಡುಗ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ಇನ್ನೊಂದು ಮನೆಯವರು ಹಡಗಲಿಯ ಮದುವೆಗೆ ಹೊರಟಿದ್ದರು, ಮದುವೆ ಮುಂದಿನ ವಾರ. ಓಬಮ್ಮ ಎಂಬಾಕೆ ಅವಳ ಕೈ ಹಿಡಿದು ಒಳಗೆ ಕರೆದು, "ಬಿಸಿಲು ಬಾಳ ಐತ್ರಿ ಮೇಡಂನೋರೆ, ಹುಡುಗಿ ಕಪ್ಪಗಾಗಾಕತ್ತಾಳ" ಎಂದಳು. ಶಾಲೆಯ ಗೇಟು ಆ ಮನೆಯ ಬಾಗಿಲಿಂದ ಇಪ್ಪತ್ತು ಹೆಜ್ಜೆ. ಹತ್ತೊಂಬತ್ತು ಮನೆ ಸುತ್ತಿದರೂ ಆ ಒಂದು ಶಬ್ದ ಯಾರ ಬಾಯಿಂದಲೂ ಬೀಳಲಿಲ್ಲ. ಬಿದ್ದಿದ್ದರೆ ಅವಳು ಅಷ್ಟು ಸುಸ್ತಾಗುತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ಸಂಕಟ. ಮೂರು ದಿನ ಸತತ ಐವತ್ತಕ್ಕಿಂತ ಕಡಿಮೆ ಹಾಜರಿ ಬಿದ್ದರೆ ಊಟದ ಕೇಂದ್ರ ಮುಚ್ಚಿ ಪಕ್ಕದ ಊರಿನದಕ್ಕೆ ಸೇರಿಸಬೇಕೆಂಬ ನಿಯಮವಿತ್ತು. ಪಕ್ಕದ ಊರು ನಾಲ್ಕು ಕಿಲೋಮೀಟರ್. ಮೇ ತಿಂಗಳ ಬಿಸಿಲಲ್ಲಿ ಗಾಳೆಮ್ಮನಂಥ ಮಕ್ಕಳು ಒಂದು ಊಟಕ್ಕೆ ನಾಲ್ಕು ಕಿಲೋಮೀಟರ್ ನಡೆದು, ಅರಗಿಸಿಕೊಳ್ಳುತ್ತಾ ನಾಲ್ಕು ಕಿಲೋಮೀಟರ್ ವಾಪಸ್ ಬರಬೇಕು. ಎರಡನೇ ದಿನ ಮೂವತ್ತು. ಮೂರನೇ ದಿನ ಬೆಳಿಗ್ಗೆ ಗುರುಬಸವರಾಜರು ಹಳೆಯ ಓಣಿವಾರು ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಮಧ್ಯಾಹ್ನ ಅರವತ್ತಾರಕ್ಕೆ ಅರವತ್ತಾರು ಹಾಜರ್. ಜ್ವರ ಇಳಿದಿತ್ತು, ಮದುವೆ ಮುಗಿದಿತ್ತು, ಬಿಸಿಲು ತಂಪಾಗಿತ್ತು.

ಪ್ರಿಯಾ ಆ ದಿನ ಊಟ ಮಾಡಲಿಲ್ಲ.

ಪ್ರತಿ ಶುಕ್ರವಾರ ಮೊಬೈಲಿನಲ್ಲಿ ಒಂದು ನಮೂನೆ ತುಂಬಬೇಕಿತ್ತು. ಕುಡಿಯುವ ನೀರು ಇದೆಯೇ, ಕೈ ತೊಳೆಸುತ್ತೀರಾ, ಮಕ್ಕಳಲ್ಲಿ ಜಾತಿ ಆಧಾರದ ಮೇಲೆ ಪ್ರತ್ಯೇಕ ಪಂಕ್ತಿ ಇದೆಯೇ, ಹೀಗೆ ಹದಿನೆಂಟು ಪ್ರಶ್ನೆ. ಆ ಒಂದು ಪ್ರಶ್ನೆಗೆ ತಾಲ್ಲೂಕಿನ ಎಲ್ಲಾ ಕೇಂದ್ರಗಳೂ ಕಣ್ಣುಮುಚ್ಚಿ "ಇಲ್ಲ" ಒತ್ತುತ್ತವೆ. ಪ್ರಿಯಾ "ಇದೆ" ಒತ್ತಿದಳು. ಮೊಬೈಲು ಫೋಟೊ ಕೇಳಿತು. ಮೊದಲ ಪಂಕ್ತಿಯದೊಂದು, ಎರಡನೆಯದೊಂದು ತೆಗೆದು ಕಳಿಸಿದಳು. ಎರಡರಲ್ಲೂ ಮಕ್ಕಳು ಸಾಲಾಗಿ ಕೂತು ಅನ್ನ ಉಣ್ಣುತ್ತಿದ್ದರು. ಆ ಫೋಟೊ ನೋಡಿ ಯಾರಿಗೆ ಏನು ತಿಳಿಯಬೇಕು? ಅಲ್ಲಿ ಯಾರಿಲ್ಲ ಎಂಬುದರ ಫೋಟೊ ತೆಗೆಯುವುದು ಹೇಗೆ?

ಆದರೂ ಆ "ಇದೆ" ಎಂಬ ಒಂದು ಒತ್ತು ಎಲ್ಲೋ ಕೆಂಪು ದೀಪ ಹೊತ್ತಿಸಿತು. ಸೋಮವಾರ ತಾಲ್ಲೂಕಿನಿಂದ ಬಿಸಿಯೂಟ ನೋಡಿಕೊಳ್ಳುವ ಅಧಿಕಾರಿ ಸುಮಲತಾ ಜೀಪಿನಲ್ಲಿ ಬಂದರು. ಬಂದವರೇ ಪ್ರಿಯಾಳನ್ನು ಪಕ್ಕಕ್ಕೆ ಕರೆದರು.

"ಏನಮ್ಮಾ ನೀನು, ಜಿಲ್ಲೆಗೇ ಒಂದು ಕೇಸು ಮಾಡಿ ಇಟ್ಟೀಯಲ್ಲ. ನನಗೊಂದು ಫೋನ್ ಮಾಡಾಕ ಏನಾಗಿತ್ತು?"

"ಇದ್ದದ್ದು ಬರದೀನ್ರಿ ಮೇಡಂ."

"ಹೊಡದಾರೇನು? ಬೈದಾರೇನು? ನೀರು ಕೊಡಂಗಿಲ್ಲ ಅಂದಾರೇನು?"

"ಇಲ್ರಿ."

"ಮತ್ತ?" ಸುಮಲತಾ ದನಿ ತಗ್ಗಿಸಿದರು. "ನಿಮ್ಮಂಥೋರಿಗೆ ಅದು ಸ್ವಲ್ಪ ಜಾಸ್ತಿನೇ ಕಾಣ್ತತಿ ಬಿಡು. ತಪ್ಪು ಅಂತ ಹೇಳಾಕತ್ತಿಲ್ಲ ನಾನು."

ನಿಮ್ಮಂಥೋರು. ಪ್ರಿಯಾ ಸಭೆ ಸೇರುವ ಕೋಣೆಯ ಕಡೆ ನಡೆದಳು.

ಸಭೆ ಸೇರಿತು. ಶಾಲಾ ಸಮಿತಿಯ ಅಧ್ಯಕ್ಷ ಬೆನಕಪ್ಪ ಬಂದರು. ಊರಲ್ಲಿ ಕಿರಾಣಿ ಅಂಗಡಿ, ಎರಡು ಗೂಡ್ಸ್ ಆಟೊ, ಬಿಳಿ ಅಂಗಿಗೆ ಒಂದು ಸುಕ್ಕಿಲ್ಲ. ಅಂಬೇಡ್ಕರ್ ನಗರದಿಂದ ಪಕ್ಕೀರಪ್ಪ ಬಂದರು, ಗಾಳೆಮ್ಮನ ಅಜ್ಜ, ಪಂಚಾಯಿತಿಯಲ್ಲಿ ವಾಟರ್‌ಮನ್ ಆಗಿ ರಿಟೈರಾದವರು. ಬೆನಕಪ್ಪ ಎದ್ದು ನಿಂತು ಕೈ ಮುಗಿದರು.

"ಮೇಡಂನೋರು ಬರದಿದ್ದು ನೂರಕ್ಕೆ ನೂರು ಖರೆ. ಆ ಕೂಸುಗಳು ಬಿಸಿಲಾಗ ಕಾಯ್ಕಂತ ನಿಲ್ಲೋದು ನಮಗೂ ಹೊಟ್ಟಿ ಉರೀತತಿ. ಅದಕ್ಕ ನಂದೊಂದು ಇಚಾರ. ಅಂಬೇಡ್ಕರ್ ನಗರದಾಗ ಸಮುದಾಯ ಭವನ ಐತಿ, ಫ್ಯಾನ್ ಐತಿ. ಅಡಿಗಿ ಇಲ್ಲೇ ಆಗ್ಲಿ. ಮೊದ್ಲು ಆ ಹುಡುಗ್ರ ಪಾಲು ತಗದು ನನ್ನ ಆಟೊದಾಗ ಕಳಿಸಾನ. ನಮ್ಮ ಹುಡುಗ್ರು ಆಮ್ಯಾಲೆ ಉಣ್ಲಿ ಬೇಕಾದ್ರ."

ಆಹಾ ಎನ್ನುವ ಹಾಗೆ ಎಲ್ಲರೂ ತಲೆಯಾಡಿಸಿದರು. ಸುಮಲತಾ ಮುಖ ಅರಳಿತು. ನಲವತ್ತು ಒಂದು ಕಡೆ, ಇಪ್ಪತ್ತಾರು ಒಂದು ಕಡೆ, ಎರಡೂ ಐವತ್ತಕ್ಕಿಂತ ಕಡಿಮೆಯಲ್ಲವೇ ಎಂದು ಪ್ರಿಯಾ ಕೇಳಿದಳು. ಅದಕ್ಕೂ ಉತ್ತರ ಸಿದ್ಧವಿತ್ತು. ಅದು ಉಪಕೇಂದ್ರ, ಲೆಕ್ಕಕ್ಕೆ ಎರಡೂ ಒಂದೇ. ಲೆಕ್ಕಕ್ಕೆ ಒಂದು, ಕೂರುವುದಕ್ಕೆ ಎರಡು.

"ಮೇಡಂ, ಇಷ್ಟು ದಿನ ಹೊತ್ತು ಬ್ಯಾರೆ ಇತ್ತು, ಇನ್ನು ಜಾಗನೇ ಬ್ಯಾರೆ ಆಕ್ಕತಿ" ಎಂದಳು ಪ್ರಿಯಾ. "ಪ್ರತ್ಯೇಕ ಪಂಕ್ತಿ ಐತಿ ಅಂತ ನಾನು ಬರದ್ರ ನೀವು ಪ್ರತ್ಯೇಕ ಕೇಂದ್ರ ಮಾಡಾಕತ್ತೀರಿ."

"ಅಲ್ಲಿ ಎಷ್ಟು ಪಂಕ್ತಿ ಇರ್ತಾವ?" ಸುಮಲತಾ ಕೇಳಿದರು.

"ಒಂದು."

"ಇಲ್ಲಿ?"

"ಒಂದು."

"ಮತ್ತ ಪ್ರತ್ಯೇಕ ಪಂಕ್ತಿ ಎಲ್ಲೈತಿ?"

ಪ್ರಿಯಾ ಪಕ್ಕೀರಪ್ಪನ ಕಡೆ ನೋಡಿದಳು. ಆ ಮನುಷ್ಯ ಒಂದು ಮಾತು ಬ್ಯಾಡ ಅಂದರೆ ಸಾಕಿತ್ತು. ಪಕ್ಕೀರಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ನಮಗೂ ಅದೇ ಅನುಕೂಲ ರೀ" ಎಂದರು. ಅಲ್ಲಿಗೆ ಸಭೆ ಮುಗಿಯಿತು. ಸಮಸ್ಯೆ ಬಗೆಹರಿದಿದೆ ಎಂದು ಸುಮಲತಾ ಅಲ್ಲೇ ಮೊಬೈಲಿನಲ್ಲಿ ತುಂಬಿ, ಪೇಪರ್ ಕಪ್ಪಿನಲ್ಲಿ ಚಾ ಕುಡಿದು ಜೀಪು ಹತ್ತಿದರು.

ಹೊರಗೆ ಬೇವಿನ ಮರದ ಕೆಳಗೆ ಪ್ರಿಯಾ ಪಕ್ಕೀರಪ್ಪನನ್ನು ತಡೆದಳು.

"ಯಜ್ಜಾ, ಹಂಗ್ಯಾಕ ಅಂದ್ರಿ?"

"ಸಿಟ್ಟಾಗಬ್ಯಾಡವ್ವ. ನಿನ್ನ ಹೊಟ್ಟಿ ಸಂಕಟ ನನಗ ತಿಳೀತತಿ. ಆದ್ರ ನೀನು ಸಂಜಿಕೆ ಕೊಟ್ಟೂರಿಗೆ ಹೋಗ್ತಿ. ನಾವು ಇಲ್ಲೇ ಇರಬೇಕು. ಹುಡುಗ್ರು ಒಂದು ತಿಂಗ್ಳು ನೆಳ್ಳಾಗ ಕುಂತು ಹೊಟ್ಟಿ ತುಂಬ ಉಣ್ಲಿ ಬಿಡು. ಸಾಂಬಾರಿಗೆ ನೀರು ಹಾಕಂಗಿಲ್ಲಲ್ಲ, ಸಾಕು."

ಅವರ ಮಾತಿನಲ್ಲಿ ತಪ್ಪೇನು ಹುಡುಕುವುದು? ಪ್ರಿಯಾಳಿಗೆ ಅಳು ಬಂತು, ಅತ್ತರೆ ಇವರಿಗೆಲ್ಲ ಇನ್ನೂ ಅನುಕೂಲ ಎನಿಸಿ ಸ್ಕೂಟಿ ಹತ್ತಿದಳು.

ಬುಧವಾರ ಉಪಕೇಂದ್ರ ಶುರುವಾಯಿತು. ಬೆನಕಪ್ಪನ ಆಟೊ ಹೇಳಿದ ಹೊತ್ತಿಗೆ ಬಂತು. ಸಾಂಬಾರು ಗಟ್ಟಿಯಾಗಿತ್ತು, ಬದನೆಕಾಯಿಯ ಹೋಳು ತೇಲುತ್ತಿದ್ದವು. ಫ್ಯಾನು ತಿರುಗುತ್ತಿತ್ತು. ಇಪ್ಪತ್ತಾರು ಮಕ್ಕಳು ಭವನದ ಟೈಲ್ಸ್ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತರು. ಪಕ್ಕೀರಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮಕ್ಕಳು ಉಣ್ಣುವುದನ್ನು ತೃಪ್ತಿಯಿಂದ ನೋಡುತ್ತಿದ್ದರು. ಅಷ್ಟು ಚೆಂದದ ಊಟದ ಮುಂದೆ ನಿಂತು ಪ್ರಿಯಾಳಿಗೆ ಯಾರನ್ನಾದರೂ ಹಿಡಿದು ಜಗ್ಗಾಡಬೇಕು ಎನಿಸುತ್ತಿತ್ತು. ಯಾರನ್ನು ಎಂಬುದು ಮಾತ್ರ ಗೊತ್ತಾಗಲಿಲ್ಲ.

ಗಾಳೆಮ್ಮ ಎರಡು ಸಲ ಸಾಂಬಾರು ಹಾಕಿಸಿಕೊಂಡಳು. ಬೆರಳು ನೆಕ್ಕುತ್ತಾ ತಲೆ ಎತ್ತಿದಳು.

"ಮೇಡಂ, ಜೂನ್ ತಿಂಗ್ಳಾಗ ನಮ್ಮ ಶಾಲಿನೂ ಇಲ್ಲೇ ಮಾಡ್ತಾರೇನ್ರಿ?"

ಹುಡುಗಿಯ ಮುಖದಲ್ಲಿ ದುಃಖವೇನೂ ಇರಲಿಲ್ಲ. ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಕೇಳುವ ಹಾಗೆ ಕೇಳಿದ್ದಳು.

"ಹಂಗ್ಯಾಕ ಕೇಳ್ತಿಯವ್ವ?" ಎಂದರು ಬಾಗಿಲಲ್ಲಿದ್ದ ಪಕ್ಕೀರಪ್ಪ.

"ಇಲ್ಲಿ ಫ್ಯಾನ್ ಐತಲ್ಲಜ್ಜ. ನಮಗ ಸಮೀಪ ಆಕ್ಕತಿ. ಅವರಿಗೂ ಚೊಲೊ ಆಕ್ಕತಿ."

ಅವರಿಗೂ ಚೊಲೊ. ಪಕ್ಕೀರಪ್ಪ ಕುರ್ಚಿಯಿಂದ ಎದ್ದರು. ಟವೆಲ್ಲು ಜಾರಿ ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ. ಭವನದ ನೆಲವನ್ನೇ ನೋಡುತ್ತಾ, ಪ್ರಿಯಾಳಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ಈ ಜಾಗದಾಗ ಒಂದು ಖೋಲಿ ಇತ್ತವ್ವ. ನಮ್ಮ ಶಾಲಿ. ಊರ ಶಾಲಿ ನಿಮಗ ದೂರ ಆಕ್ಕತಿ, ಹುಡುಗ್ರಿಗೆ ಬಿಸಿಲು ಹತ್ತತಿ, ಅನುಕೂಲ ಆಗ್ಲಿ ಅಂತ ಈ ಬೆನಕಪ್ಪನೋರ ಅಪ್ಪಗಳೇ ನಿಂತು ಕಟ್ಟಿಸಿಕೊಟ್ಟಿದ್ರು. ನಮ್ಮಪ್ಪ ಕೈ ಮುಗದು ಬಂದಿದ್ದ. ನಾ ಎರಡನೇ ಕ್ಲಾಸಿಗೆ ಬರೋದ್ರಾಗ ಮಾಸ್ತರು ಬರೋದು ಬಿಟ್ರು. ನನ್ನ ಓದು ಅಲ್ಲಿಗೆ ಮುಗೀತು."

ಅಷ್ಟು ಹೇಳಿ ಅವರು ಮನೆಗೆ ಹೋದರು. ಪ್ರಿಯಾ ಮಕ್ಕಳ ತಾಟು ತೊಳೆಸಿ, ಬೀಗ ಹಾಕಿ, ಕೊಟ್ಟೂರಿಗೆ ಹೋದಳು.

ಗುರುವಾರ ಅವಳು ಉಪಕೇಂದ್ರಕ್ಕೆ ಕಳಿಸುವ ಅನ್ನ ಅಳೆಯಲೆಂದು ಮೊದಲು ಶಾಲೆಗೆ ಬಂದಿದ್ದಳು. ಆಟೊ ಇನ್ನೂ ಹೊರಟಿರಲಿಲ್ಲ. ಜಗಲಿಯಲ್ಲಿ ನಲವತ್ತು ಮಕ್ಕಳು ಆಗಲೇ ಬಂದು ಸಾಲಾಗಿ ಕೂತಿದ್ದರು. ಗೇಟು ಕಿರ್ರೆಂದಿತು. ಪಕ್ಕೀರಪ್ಪ ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವರ ಹಿಂದೆ ತಾಟು ಹಿಡಿದ ಇಪ್ಪತ್ತಾರು ಮಕ್ಕಳು.

ಗುರುಬಸವರಾಜರು ಕೋಣೆಯಿಂದ ಹೊರಗೆ ಬಂದರು. "ಯಾಕಪ್ಪ ಪಕ್ಕೀರಪ್ಪ, ನಿಮ್ಮದು ಅಲ್ಲಿ ಐತಲ್ಲ? ಇವರ ಹೆಸರು ಈ ಪಟ್ಟ್ಯಾಗ ಇಲ್ಲ."

ಪಕ್ಕೀರಪ್ಪ ಮೊದಲು ಗಾಳೆಮ್ಮನ ರಟ್ಟೆ ಹಿಡಿದು ಕರೆದೊಯ್ದು, ಕೂತಿದ್ದ ಇಬ್ಬರು ಮಕ್ಕಳಿಗೆ "ಒಂಚೂರು ಸರೀರಪ್ಪ" ಅಂದು, ನಡುವೆ ಕೂರಿಸಿದರು. ಮಕ್ಕಳು ಸರಿದರು. ಆಮೇಲೆ ಇನ್ನೊಬ್ಬನನ್ನು, ಮತ್ತೊಬ್ಬಳನ್ನು. ಹೀಗೆ ಸಾಲಿನ ತುದಿಯವರೆಗೆ ಹೋದರು. ಒತ್ತಿ ಕೂತರೂ ಜಾಗ ಸಾಲದೆ ಕೊನೆಯ ಇಪ್ಪತ್ತು ಮಕ್ಕಳ ಬೆನ್ನು ಬಿಸಿಲಿಗೆ ಬಂತು. ಅದರಲ್ಲಿ ಎಲ್ಲಾ ಓಣಿಯವರೂ ಇದ್ದರು.

ಗೇಟಿನಾಚೆ ಓಬಮ್ಮ ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಯಾರೂ ಒಳಗೆ ಬರಲಿಲ್ಲ. ನಾಳೆ ಮತ್ತೆ ಎಷ್ಟು ಮಕ್ಕಳಿಗೆ ಜ್ವರ ಬರುತ್ತದೋ, ಮೂರು ದಿನದಲ್ಲಿ ಈ ಕೇಂದ್ರವೇ ಇರುತ್ತದೋ ಇಲ್ಲವೋ, ಪ್ರಿಯಾ ಬಲ್ಲಳು. ಪಕ್ಕೀರಪ್ಪನೂ ಬಲ್ಲರು.

"ಕೇಂದ್ರ ಮುಚ್ಚಿದ್ರ ಪಕ್ಕದೂರಿಗೆ ನಾಲ್ಕು ಕಿಲೋಮೀಟರ್ ಆಕ್ಕತಿ ನೋಡ್ರಿ ಯಜ್ಜಾ" ಎಂದಳು ಪ್ರಿಯಾ ಮೆಲ್ಲಗೆ.

"ನಡಸ್ಕಂಡು ಹೋಗ್ತೀನಿ. ನನಗೇನು ಕೆಲಸ ಐತಿ?" ಎಂದು ಪಕ್ಕೀರಪ್ಪ ಹೆಡ್‌ಮಾಸ್ತರ ಕಡೆ ತಿರುಗಿದರು. "ಹೆಸರು ಆಮ್ಯಾಲೆ ಬರಕಳ್ರಿ ಸರ. ಮೊದ್ಲು ಬಡಸ್ರಿ. ಹುಡುಗ್ರು ಹಸದಾವ."

ಕೆಂಚಕ್ಕ ಸೌಟು ಹಿಡಿದು ಹೆಡ್‌ಮಾಸ್ತರ ಮುಖ ನೋಡಿದಳು. ಅವರು ಪಟ್ಟಿ ನೋಡುತ್ತಿದ್ದರು. ಪ್ರಿಯಾ ಹೋಗಿ ಕೆಂಚಕ್ಕನ ಕೈಯಿಂದ ಸೌಟು ತೆಗೆದುಕೊಂಡು ಬಡಿಸಲು ಶುರು ಮಾಡಿದಳು.